ಥಂಡಿ ಗಸ್ತು

ಥಂಡಿಗೆ ಹಿಂಬಡ ಒಡೀತಾವ,
ಹಳಿನೂ ಒಡೀತಾವ.
ಹಿಂಬಡಕ್ಕ ಮೇಣ ಹಾಕಿ ಕಾಸಿದ ಕುಸುಬಿ ಎಣ್ಣಿ ಐತಿ.
ಹಳಿಗೆ ನಾವದೀವಿ,
ನಾನು, ಇಮಾಮಹುಸೇನ,
ಎರಡು ಬ್ಯಾಟರಿ, ಒಂದು ಕೆಂಪು ದೀಪ,
ತಗಡಿನ ಡಬ್ಬಿಯೊಳಗ ಹತ್ತು ಪಟಾಕಿ.

ಅಣ್ಣಿಗೇರಿ ದಾಟಿ
ಮೂರು ಮೈಲು ಹೋಗೂದು, ಮೂರು ಮೈಲು ಬರೂದು.
ಎರಡೂ ಬದಿ ಎರಿ ಹೊಲ. ಕಡ್ಲಿ ಹೂವಿಗೆ ಬಂದೈತಿ.
ಉಚ್ಚಿ ಹೊಯ್ಯಾಕ ಹೊಲಕ್ಕ ಇಳದ್ರ
ಪ್ಯಾಂಟಿನ ತುದಿಗೆ ಹುಳಿ ಇಬ್ಬನಿ ಹತ್ತತೈತಿ,
ಮುಂಜಾನೆ ಒಣಗಿದ ಮ್ಯಾಲೆ ಬಿಳಿ ಕಲಿ.

ಮುಕಾದಮ ಯಂಕೋಬಪ್ಪ ಹೇಳಿದ್ದ ಮೊದಲ ದಿನ:
"ಹಗಲೆಲ್ಲಾ ಬಿಸಿಲಿಗೆ ಕಬ್ಬಿಣ ಮೈ ಚಾಚತೈತಿ,
ರಾತ್ರಿ ಮುದುಡಬೇಕಂತೈತಿ.
ನಾವರ ಕೌದಿಯೊಳಗ ಮಣಕಾಲು ಎದಿಗೆ ಎಳಕೊಂಡು ಮಲಗತೀವಿ.
ಅದನ್ನ ಸ್ಲೀಪರಿಗೆ ಕಚ್ಚಿಸಿಟ್ಟೀವಿ.
ಮುದುಡಾಕ ಜಾಗಾ ಸಿಗದ್ದು
ಒಂದಿನ ಸಿಡೀತೈತಿ.
ಬೆಸುಗಿ ಹತ್ರ ನೋಡು ಮಗಳ,
ಬೆಸುಗಿ ಹತ್ರ."

ಇವತ್ತು ಎಣ್ಣಿ ಗಾಡಿ ಐತಿ.
ಕಚ್ಚಾ ಎಣ್ಣಿ, ಐವತ್ತು ಟ್ಯಾಂಕು.
ಎಲ್ಲಿಂದ ಬರತೈತಿ ಅಂತ ನಮಗ ಯಾರೂ ಹೇಳಂಗಿಲ್ಲ,
ಎಲ್ಲಿಗೆ ಹೊಂಟೈತಿ ಅಂತನೂ.
ಹೊತ್ತು ಅಷ್ಟ ಹೇಳತಾರ: ಮೂರೂ ನಲವತ್ತು.
ಒಮ್ಮೆ ಒಂದು ವಾಲ್ವು ಜಿನುಗಿದಾಗ
ಇಮಾಮಹುಸೇನ ಅದನ್ನ ಕಣ್ಣಾರೆ ಕಂಡಿದ್ದನಂತ:
"ಥಂಡ್ಯಾಗ ಕಾಕಂಬಿ ಆಗಿತ್ತು ಅಕ್ಕಾ,
ಕಡ್ಡೀಲೆ ಎತ್ತಿದರ ಕಡ್ಡಿನ ಬಿಡಲಿಲ್ಲ."

ಎರಡೂ ಹತ್ತಕ್ಕ, ಹಳ್ಳದ ಸೇತುವಿ ಇನ್ನೂ ದೂರ ಇರೂವಾಗ,
ಹಳಿ ಮ್ಯಾಲೆ ಜಾರಿಕೋತ ಹೊಂಟಿದ್ದ ಬೆಳಕು
ಒಂದು ಕಡೆ ಎಡವಿತು.
ಕೂದಲೆಳಿ ಅಂದಕೊಂಡೆ.
ಕೈಚೀಲ ಬಿಚ್ಚಿ ಬೆರಳು ಆಡಿಸಿದೆ.
ಕೂದಲ ಅಲ್ಲ.
ಉಗುರು ಒಳಗ ಹೋತು.

ಆಮ್ಯಾಲೆ ನಾವು ಮಾತಾಡಲಿಲ್ಲ.
ಅವ ಫೋನ್ ಹಚ್ಚಿದ, ಅದು ಗುಂಯ್ ಅಂತು, ಅಷ್ಟ.
ನಾ ಕೆಂಪು ದೀಪ ತಗೊಂಡು
ಗಾಡಿ ಬರೂ ದಿಕ್ಕಿಗೆ ಓಡಿದೆ.
ಓಡೂದಂದ್ರ ಜಲ್ಲಿ ಮ್ಯಾಲೆ ಓಡೂದು.
ಒಡೆದ ಹಿಂಬಡ ಕಾಲಚೀಲದೊಳಗ ಹಸಿ ಆತು.
ಅರ್ಧ ದಾರಿಗೆ ಒಂದು ಪಟಾಕಿ,
ಮತ್ತ ಅಷ್ಟ ಓಡಿ ಹತ್ತತ್ತು ಮೀಟರಿಗೆ ಒಂದರಂಗ ಮೂರು.
ಬೆರಳು ಸೆಟೆದು ತಗಡಿನ ಕಿವಿ ಮಡಚಾಕ ಬರವಲ್ದು.
ಹಲ್ಲೀಲೆ ಮಡಚೋಣಂದ್ರ, ಥೂ, ಮದ್ದು ಅದು.
ಬೆರಳ ಬಾಯಾಗಿಟ್ಟು ಕಾಸಿಕೋತ
ಒಂದೊಂದ ಮಡಚಿದೆ.

ಮೊದಲು ಹಳಿಗೆ ಗೊತ್ತಾತು, ಆಮ್ಯಾಲೆ ನನಗ.
ಢಂ. ಢಂ. ಢಂ.
ಜ್ವಾಳದ ಹೊಲದಾಗಿಂದ ಹಕ್ಕಿ ಎದ್ದು
ಆ ಕತ್ತಲಾಗ ಎಲ್ಲಿ ಹೋದವೋ.
ಬ್ರೇಕು ಸುಟ್ಟ ವಾಸನಿ.
ಕರೇ ಹೊಟ್ಟಿಗೋಳು ಒಂದಕ್ಕೊಂದು ಒತ್ತಿಕೋತ, ನೂಕಿಕೋತ,
ನನ್ನ ದಾಟಿ ಹೋದವು, ಹೋದವು,
ನನ್ನ ಜೀವಾ ಹಿಂದಿಂದ ಅವನ್ನ ಹಿಡದು ಜಗ್ಗತಿತ್ತು,
ನಿಂತವು.

ನಾ ತೇಕಿಕೋತ ಎಂಜಿನ್ ಹತ್ರ ಬಂದಾಗ
ಡ್ರೈವರು ಕಿಡಕ್ಯಾಗಿಂದ ಕೇಳಿದ: "ಎಷ್ಟು?"
ಉಗುರು ತೋರಿಸಿದೆ.
ಒಂದು ಗಳಿಗಿ ಸುಮ್ಮನಿದ್ದು
ಫ್ಲಾಸ್ಕಿನ ಮುಚ್ಚಳದಾಗ ಚಹಾ ಸುರುವಿ ಕೊಟ್ಟ.
ಸಪ್ಪನ ಚಹಾ.
"ಶುಗರ್ ಐತಿ, ಏನು ಮಾಡೂದು," ಅಂದ.

ಗ್ಯಾಂಗಿನವರು ಬಂದು ಪಟ್ಟಿ ಕಟ್ಟೂತನಕ
ಐವತ್ತು ಟ್ಯಾಂಕು ಇಬ್ಬನಿ ಸುರಿಸಿಕೋತ ನಿಂತಿದ್ವು,
ನಡುರಾತ್ರ್ಯಾಗ ಹಿಂಡಾಕ ಎಬ್ಬಿಸಿದ ಎಮ್ಮಿಯಂಗ.
ಬೆಳ್ಳಿಚುಕ್ಕಿ ಮೂಡಿದ ಮ್ಯಾಲೆ ಬಿಟ್ಟರು.
ಬಸುರಿ ಹೆಂಗಸು ಮೆಟ್ಟಲಾ ಇಳದಂಗ
ಒಂದೊಂದ ಗಾಲಿ ಪಟ್ಟಿ ಮ್ಯಾಲೆ ಇಟ್ಟು ದಾಟಿದ್ವು.
ಎಣಿಸಾಕ ಹತ್ತಿದ್ದೆ.
ಮೂವತ್ತೊಂದಕ್ಕ ಇಮಾಮಹುಸೇನ
"ಅಕ್ಕಾ, ಪಟಾಕಿ ಇನ್ನೆಷ್ಟು ಉಳದಾವ?" ಅಂದ,
ಲೆಕ್ಕ ತಪ್ಪಿತು.

ಈಗ ಬಿಸಿಲಿಗೆ ಕಾಲು ಚಾಚಿ ಕುಂತೀನಿ.
ವಾಟಗದಾಗ ಎಣ್ಣಿ ಆರಾಕ ಹತ್ತೈತಿ.
ಹಿಂಬಡದ ಸೀಳಿಗೆ ಬಿಟ್ಟರ ಚುರ್ ಅಂತೈತಿ.
ರಾತ್ರಿ ಹನ್ನೊಂದಕ್ಕ ಮತ್ತ ಹೋಗಬೇಕು.
ಡಬ್ಬಿಯೊಳಗ ಆರು.
ನಾಕು ಬರಕೊಡಂದ್ರ ಯಂಕೋಬಪ್ಪ
ಅರ್ಜಿ ಕೊಡು ಅಂದಾನ.